ಕೊರಿಯಾದ ಕತೆಗಳಲ್ಲಿ ವಲಸೆ ಕೂಲಿಯವರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯಾದ ಕತೆ, ಕಾದಂಬರಿಗಳ ಬಗ್ಗೆ ಮಾತು ಬಂದಾಗಲೆಲ್ಲ ನಾನು ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ಜಾಗಕ್ಕೆ: ಅಲ್ಲಿಗೆ ದುಡಿಯಲು ಹೋದ ನೇಪಾಳಿ, ಬಾಂಗ್ಲಾದೇಶಿ, ವಿಯೆಟ್ನಾಮಿ, ಚೀನಾದ ಜನರ ಕತೆಗಳಿಗೆ. ಕೇಳಿದವರು ಪತ್ರದಲ್ಲಿ, ಫೋನಿನಲ್ಲಿ, ಎದುರು ಸಿಕ್ಕಾಗ ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ.

## ಶುರುವಿಗೆ

ಕೊರಿಯಾ ಅಂದ್ರೆ ಶ್ರೀಮಂತ ದೇಶ, ಟಿವಿ ಸೀರಿಯಲ್ಲು, ಮೊಬೈಲು. ಅಲ್ಲಿಗೂ ಕೂಲಿಗೆ ಜನ ಹೋಗ್ತಾರಾ?

ಹೋಗುತ್ತಾರೆ, ಬಹಳ ಜನ. 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಕೊರಿಯಾದಲ್ಲಿ ಸಂಬಳ ಏರಿತು. ಓದಿದ ಹುಡುಗರು ಸಣ್ಣ ಫ್ಯಾಕ್ಟರಿಗಳ ಕಡೆ ತಲೆ ಹಾಕುವುದನ್ನು ಬಿಟ್ಟರು. ಬಣ್ಣ ಅದ್ದುವ ಕೆಲಸ, ಲೋಹಕ್ಕೆ ಲೇಪ ಹಾಕುವ ಕೆಲಸ, ಪ್ರೆಸ್ ಮಷಿನ್ನು, ಪೀಠೋಪಕರಣ, ಹಂದಿ ಸಾಕಣೆ. ಇಂಥ ಕೊಳಕಿನ, ಅಪಾಯದ, ಕಷ್ಟದ ಕೆಲಸಗಳಿಗೆ ಅಲ್ಲಿ '3ಡಿ' ಅಂತಲೇ ಹೆಸರು. ಆ ಜಾಗ ತುಂಬಲು ಹೊರದೇಶದವರನ್ನು ಕರೆಸಿದರು.

1990ರ ದಶಕದಲ್ಲಿ ಅವರನ್ನು 'ತರಬೇತಿಗೆ ಬಂದವರು' ಅಂತ ಕಾಗದದಲ್ಲಿ ಬರೆದುಕೊಂಡರು. ಮಾಡಿಸಿದ್ದು ಪೂರಾ ದುಡಿಮೆ, ಕೊಟ್ಟ ಹೆಸರು ಮಾತ್ರ ಕಲಿಕೆ. ಕಲಿಯುವವನಿಗೆ ಕೂಲಿಯವನ ಹಕ್ಕು ಇಲ್ಲ ಅಲ್ವಾ? ಸಂಬಳ ಕಡಿಮೆ, ಪಾಸ್‌ಪೋರ್ಟ್ ಧಣಿಯ ಡ್ರಾಯರಿನಲ್ಲಿ. ಎಷ್ಟೋ ಜನ ಓಡಿಹೋಗಿ ಬೇರೆ ಕಡೆ ಕೆಲಸ ಹಿಡಿದರು, ಆ ಗಳಿಗೆಯಿಂದ 'ಅಕ್ರಮ'ದವರಾದರು. 2004ರ ಆಗಸ್ಟ್‌ನಲ್ಲಿ ಉದ್ಯೋಗ ಪರವಾನಗಿ ವ್ಯವಸ್ಥೆ ಬಂತು, ಅಂದರೆ ಹೊರದೇಶದವರನ್ನು ಕೂಲಿಯವರು ಅಂತಲೇ ಒಪ್ಪಿ ಕರೆಸುವ ಪದ್ಧತಿ. ಹಳೆಯ ತರಬೇತಿ ಪದ್ಧತಿ 2007ಕ್ಕೆ ಮುಗಿಯಿತು. 2023ರ ಕೊನೆಗೆ ಕೊರಿಯಾದಲ್ಲಿದ್ದ ಹೊರದೇಶದವರು ಸುಮಾರು 25 ಲಕ್ಷ. ಇವರೆಲ್ಲ ಕೂಲಿಯವರಲ್ಲ. ವಿದ್ಯಾರ್ಥಿಗಳು, ಮದುವೆಯಾಗಿ ಬಂದವರು ಎಲ್ಲ ಸೇರಿ ಆ ಲೆಕ್ಕ.

ನಮ್ಮ ಇಂಡಿಯಾದವರು ಯಾರಾದ್ರೂ ಬರ್ತಾರಾ ಈ ಕತೆಗಳಲ್ಲಿ?

ಕಡಿಮೆ. ಆ ಪರವಾನಗಿ ವ್ಯವಸ್ಥೆಯಲ್ಲಿ ಜನ ಕಳಿಸಲು ಒಪ್ಪಂದ ಮಾಡಿಕೊಂಡ ದೇಶಗಳಲ್ಲಿ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ ಇವೆ, ಭಾರತ ಇಲ್ಲ. ಆದರೆ ನನಗೆ ತುಂಬಾ ಇಷ್ಟದ ಒಂದು ಕತೆಯಲ್ಲಿ ಪಂಜಾಬಿನ ಸಿಖ್ ಒಬ್ಬ ಬರುತ್ತಾನೆ. ಕಿಮ್ ಯನ್‌ಸು 2007ರಲ್ಲಿ ಬರೆದದ್ದು. ಹೆಸರು 'ಎಲ್ಲರಿಗೂ ಹೊಸ ವರ್ಷದ ಶುಭಾಶಯ' ಅನ್ನುವ ಅರ್ಥದ್ದು. ಕತೆಯಲ್ಲಿ ಒಂದು ಕೊರಿಯನ್ ಜೋಡಿ, ಗಂಡ ಹೆಂಡತಿ. ಹೆಂಡತಿ ಆ ಸಿಂಗ್‌ಗೆ ಕೊರಿಯನ್ ಹೇಳಿಕೊಟ್ಟವಳು. ಅವನು ಮನೆಗೆ ಪಿಯಾನೊ ಶ್ರುತಿ ಮಾಡಲು ಬರುತ್ತಾನೆ. ಮನೆಯಲ್ಲಿ ಗಂಡ ಒಬ್ಬನೇ. ಇಬ್ಬರಿಗೂ ಪೂರ್ತಿ ಒಪ್ಪುವ ಭಾಷೆ ಇಲ್ಲ. ಆ ತುಂಡು ತುಂಡು ಮಾತಿನಲ್ಲೇ ಗಂಡನಿಗೆ ತನ್ನ ಹೆಂಡತಿ ಎಷ್ಟು ಒಂಟಿಯಾಗಿದ್ದಳು ಅನ್ನುವುದು ತಿಳಿಯುತ್ತದೆ. ಮನೆಯವನಿಗೆ ಹೇಳದ್ದನ್ನು ಅವಳು ಅರೆಬರೆ ಭಾಷೆ ಬಲ್ಲ ಪರದೇಶಿಗೆ ಹೇಳಿದ್ದಾಳೆ. ಇಲ್ಲಿ ಸಿಂಗ್ ಕೈ ಚಾಚಿ ನಿಂತವನಲ್ಲ. ಏನೋ ತಂದುಕೊಟ್ಟು ಹೋಗುವವನು.

2004, 2005ರ ಸುತ್ತಮುತ್ತಲೇ ಯಾಕೆ ಇಂಥ ಕತೆಗಳು ಜಾಸ್ತಿ?

ಬೀದಿಯಲ್ಲಿ ಕಂಡದ್ದು ಕತೆಗೆ ಬಂತು. 1995ರ ಜನವರಿಯಲ್ಲಿ ಕೆಲವು ನೇಪಾಳಿ 'ತರಬೇತಿ'ಯವರು ಸೋಲ್‌ನ ಮ್ಯಂಗ್‌ಡಾಂಗ್ ಕೆಥೆಡ್ರಲ್ ಎದುರು ಸರಪಳಿ ಸುತ್ತಿಕೊಂಡು ಕೂತರು. ಊರಿನ ನಟ್ಟನಡುವೆ, ಚಳಿಯಲ್ಲಿ. ಆವರೆಗೆ ಫ್ಯಾಕ್ಟರಿ ಗೋಡೆಯ ಒಳಗಿದ್ದವರು ಆವತ್ತು ಎಲ್ಲರ ಕಣ್ಣಿಗೆ ಬಿದ್ದರು. ಆಮೇಲೆ ಹೊಸ ಪರವಾನಗಿ ವ್ಯವಸ್ಥೆ ಬರುವ ಮುಂಚೆ, 2003ರ ಕೊನೆಗೆ, ಕಾಗದ ಇಲ್ಲದವರನ್ನು ಹಿಡಿದು ಕಳಿಸುವ ದೊಡ್ಡ ಕಾರ್ಯಾಚರಣೆ ನಡೆಯಿತು. ಅದೇ ಕೆಥೆಡ್ರಲ್ ಎದುರು ಆ ನವೆಂಬರ್‌ನಲ್ಲಿ ಶುರುವಾದ ಧರಣಿ ಒಂದು ವರ್ಷ ದಾಟಿತು. ಮುಂದಿನ ನಾಲ್ಕೈದು ವರ್ಷ ಬಂದ ಕತೆಗಳಲ್ಲಿ ಇದರ ಬಿಸಿ ಇದೆ.

ಒಂದೇ ಒಂದು ಕತೆ ಓದ್ಬೇಕು ಅಂದ್ರೆ ಯಾವುದು ಹೇಳ್ತೀರಾ?

ಕಿಮ್ ಜೇಯಂಗ್ 2004ರಲ್ಲಿ ಬರೆದ 'ಕೊಕ್ಕಿರಿ'. ಅಂದರೆ ಆನೆ. ಕತೆ ಹೇಳುವವನು ಹದಿಮೂರರ ಹುಡುಗ. ಅಪ್ಪ ನೇಪಾಳಿ. ಅಮ್ಮ ಚೀನಾದಿಂದ ಬಂದ ಕೊರಿಯನ್ ಮೂಲದವಳು, ಮನೆ ಬಿಟ್ಟು ಹೋಗಿದ್ದಾಳೆ. ಸೋಲ್ ಪಕ್ಕದ ಗೊಯಾಂಗ್‌ನಲ್ಲಿ ಪೀಠೋಪಕರಣದ ಫ್ಯಾಕ್ಟರಿಗಳು ಸಾಲಾಗಿರುವ ಜಾಗ. ಹಂದಿ ಕಟ್ಟುತ್ತಿದ್ದ ಕೊಟ್ಟಿಗೆಯನ್ನು ಅಡ್ಡ ಗೋಡೆ ಹಾಕಿ ಬಾಡಿಗೆಗೆ ಬಿಟ್ಟಿದ್ದಾರೆ. ಅಪ್ಪ, ಮಗ ಇರುವುದು ಅಲ್ಲಿ.

ಹುಡುಗನ ಹೆಸರನ್ನು ಕೊರಿಯನ್ನರು 'ಆಕಾಸ್' ಅಂತ ಬರೆಯುತ್ತಾರೆ. ಅಲ್ಲಿಯ ಓದುಗರಿಗೆ ಅದು ಎಲ್ಲಿಂದಲೋ ಬಂದ ಸದ್ದು. ನಮಗೆ ಹಾಗಲ್ಲ, ಓದಿದ ಕೂಡಲೇ ಆಕಾಶ ಅಂತ ಕೇಳಿಸುತ್ತದೆ. ಹಂದಿಗೂಡಿನಲ್ಲಿ ಇರುವ ಹುಡುಗನಿಗೆ ಅಪ್ಪ ಇಟ್ಟ ಹೆಸರು ಅದು. ನಾನು ಮೊದಲ ಸಲ ಓದಿದಾಗ ಅಲ್ಲೇ ಪುಸ್ತಕ ಕೆಳಗಿಟ್ಟಿದ್ದೆ.

ಅವನು ಹುಟ್ಟಿದ್ದು ಕೊರಿಯಾದಲ್ಲಿ. ಮಾತಾಡುವುದು ಕೊರಿಯನ್. ಆದರೆ ಯಾವ ದಫ್ತರದಲ್ಲೂ ಅವನ ಹೆಸರಿಲ್ಲ. ಬದುಕಿದ್ದಾನೆ, ಕಾಗದದ ಪ್ರಕಾರ ಹುಟ್ಟೇ ಇಲ್ಲ. ಅವನು ಮುಖ ತೊಳೆಯುವ ನೀರಿಗೆ ಬಟ್ಟೆಯ ಬಣ್ಣ ತೆಗೆಯುವ ಬ್ಲೀಚ್ ಕರಗಿಸುತ್ತಾನೆ. ತೊಳೆದು ತೊಳೆದು ಕನ್ನಡಿ ನೋಡಿಕೊಳ್ಳುತ್ತಾನೆ. ಅಮೆರಿಕದವರ ಹಾಗೆ ಬೆಳ್ಳಗಾಗಬೇಕು ಅಂತ ಅವನಿಗೆ ಆಸೆ ಇಲ್ಲ. ಕೊರಿಯನ್ನರಷ್ಟು ಆದರೆ ಸಾಕು. ಆ 'ಅಷ್ಟು ಸಾಕು' ಅನ್ನುವ ಅಳತೆ ಇದೆಯಲ್ಲ, ಅದು ಮಗುವಿನ ಲೆಕ್ಕ. ದೊಡ್ಡವರು ಭಾಷಣ ಮಾಡುತ್ತಿದ್ದ ಕಡೆ ಲೇಖಕಿ ಒಂದು ತಟ್ಟೆ ನೀರು ಇಟ್ಟಿದ್ದಾರೆ.

## ಸ್ವಲ್ಪ ಒಳಗೆ ಹೋದರೆ

ಕೊರಿಯಾದವರೂ ಒಂದು ಕಾಲಕ್ಕೆ ಬಡವರೇ ಅಲ್ವಾ? ಅದೆಲ್ಲ ಮರೆತುಬಿಟ್ರಾ?

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಮುಖ್ಯವಾದದ್ದು. ಅದಕ್ಕೇ ಉತ್ತರವೂ ಉದ್ದ.

1963ರಿಂದ 1977ರವರೆಗೆ ಸುಮಾರು 8,000 ಕೊರಿಯನ್ನರು ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗೆ ಇಳಿದರು. 10,000ಕ್ಕೂ ಜಾಸ್ತಿ ಹೆಣ್ಣುಮಕ್ಕಳು ಅಲ್ಲಿಯ ಆಸ್ಪತ್ರೆಗಳಿಗೆ ನರ್ಸ್ ಆಗಿ ಹೋದರು. 1970ರ ದಶಕದಲ್ಲಿ ಕೊರಿಯಾದ ಗಂಡಸರು ಸೌದಿಗೆ ಹೋಗಿ ರಸ್ತೆ, ಬಂದರು ಕಟ್ಟಿದರು. ನಮ್ಮ ಕರಾವಳಿಯವರು ಗಲ್ಫ್ ದಾರಿ ಹಿಡಿದದ್ದೂ ಅದೇ ಕಾಲದಲ್ಲಿ. ಮನೆಗೆ ದುಡ್ಡು ಕಳಿಸಿ, ಮಕ್ಕಳು ಬೆಳೆಯುವುದನ್ನು ಫೋಟೊದಲ್ಲಿ ನೋಡಿದ ಜನ ಅವರು.

ದೇಶದ ಒಳಗೂ ವಲಸೆ ಇತ್ತು. ಹಳ್ಳಿ ಬಿಟ್ಟು ಸೋಲ್‌ಗೆ ಬಂದವರ ಕತೆಯೇ 1970ರ ದಶಕದ ಕೊರಿಯನ್ ಸಾಹಿತ್ಯದ ಬೆನ್ನೆಲುಬು. ಹ್ವಾಂಗ್ ಸೊಕ್‌ಯಂಗ್ 1971ರಲ್ಲಿ ಬರೆದ 'ಗೇಕ್ಜಿ'ಯಲ್ಲಿ ಊರೂರು ತಿರುಗುವ ದಿನಗೂಲಿಗಳ ಮುಷ್ಕರ ಇದೆ. ಆ ಶಬ್ದಕ್ಕೆ ಊರು ಬಿಟ್ಟು ಬಂದು ಇರುವ ಪರಸ್ಥಳ ಅಂತ ಅರ್ಥ. ನಮ್ಮ ರಾಯಚೂರು, ಕಲಬುರಗಿ ಕಡೆ 'ಗುಳೆ' ಅಂದರೆ ಮನಸ್ಸಿಗೆ ಏನೇನು ಬರುತ್ತದೋ ಅದರ ಹತ್ತಿರದ ಶಬ್ದ.

ಈಗ ಒಂದು ಕೋಣೆ ನೋಡೋಣ. ಸೋಲ್‌ನ ಗುರೊ ಕೈಗಾರಿಕಾ ಪ್ರದೇಶದ ಪಕ್ಕ ಗಾರಿಬೊಂಗ್ ಅನ್ನುವ ಬಡಾವಣೆ ಇದೆ. ಅಲ್ಲಿಯ ಬಾಡಿಗೆ ಮನೆಗಳನ್ನು 'ಜೇನುಗೂಡು' ಅನ್ನುತ್ತಾರೆ. ನಮ್ಮ ವಠಾರವನ್ನು ಇನ್ನೂ ಹಿಂಡಿದರೆ ಹೇಗಿರುತ್ತದೋ ಹಾಗೆ. ಉದ್ದ ಓಣಿ, ಎರಡೂ ಕಡೆ ಬಾಗಿಲು, ಒಬ್ಬರು ಕಾಲು ಚಾಚುವಷ್ಟು ಜಾಗ, ಎಲ್ಲರಿಗೂ ಸೇರಿ ಕಕ್ಕಸು. ಶಿನ್ ಕ್ಯಂಗ್‌ಸುಕ್ 1995ರ 'ವೇತಾನ್ ಬಾಂಗ್' ಕಾದಂಬರಿಯಲ್ಲಿ 37 ಕೋಣೆಗಳ ಅಂಥ ಒಂದು ಮನೆಯನ್ನು ಬರೆದಿದ್ದಾರೆ. ಹಳ್ಳಿಯಿಂದ ಬಂದ ಹದಿನಾರರ ಹುಡುಗಿ ಹಗಲು ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಶಾಲೆಗೆ ಹೋಗಿ, ರಾತ್ರಿ ಆ ಕೋಣೆಗೆ ಬರುತ್ತಾಳೆ. ಅದು ಬಹುಮಟ್ಟಿಗೆ ಲೇಖಕಿಯದೇ ಬದುಕು.

ಫ್ಯಾಕ್ಟರಿಗಳು ಊರಾಚೆ ಹೋದವು, ಹುಡುಗಿಯರೂ ಹೋದರು. ಕೋಣೆಗಳು ಉಳಿದವು. 1990ರ ದಶಕದಿಂದ ಅದೇ ಕೋಣೆಗಳಿಗೆ ಚೀನಾದಿಂದ ಬಂದ ಕೂಲಿಯವರು ಬಾಡಿಗೆಗೆ ಬಂದರು. ಬೋರ್ಡುಗಳು ಚೀನಿ ಲಿಪಿಗೆ ತಿರುಗಿದವು, ಕುರಿಮಾಂಸದ ಕಡ್ಡಿ ಸುಡುವ ಹೊಗೆ ಎದ್ದಿತು. ಹೊಸ ಕತೆಗಳು ಆ ಹೊಗೆಯಿಂದ ಶುರುವಾಗುತ್ತವೆ. ಎರಡು ತಲೆಮಾರಿನ ಪುಸ್ತಕಗಳನ್ನು ಪಕ್ಕ ಪಕ್ಕ ಇಟ್ಟು ಓದಿದರೆ ಒಂದೇ ಬಾಗಿಲ ಚಿಲಕವನ್ನು ಇಬ್ಬರು ತೆಗೆಯುತ್ತಿರುವುದು ಕಾಣುತ್ತದೆ. ಹಾಗಾಗಿ ಮರೆತವರು ಇದ್ದಾರೆ, ಹೌದು. ಒಳ್ಳೆಯ ಲೇಖಕರು ಮರೆತಿಲ್ಲ.

ಚೀನಾದವರು ಅಂತೀರಾ, ಕೊರಿಯನ್ ಮಾತಾಡ್ತಾರೆ ಅಂತೀರಾ. ಯಾರಿವರು?

ಇವರನ್ನು 'ಜೊಸನ್‌ಜೊಕ್' ಅನ್ನುತ್ತಾರೆ. ಬಡತನದಿಂದಲೂ ಜಪಾನಿನ ಆಳ್ವಿಕೆಯಿಂದಲೂ ತಪ್ಪಿಸಿಕೊಂಡು ಗಡಿ ದಾಟಿದ ಕೊರಿಯನ್ನರ ಮೊಮ್ಮಕ್ಕಳು, ಮರಿಮಕ್ಕಳು. ಚೀನಾದ ಯನ್‌ಬ್ಯನ್ ಇವರ ಮುಖ್ಯ ನೆಲೆ. 1992ರಲ್ಲಿ ಎರಡೂ ದೇಶಗಳ ಸಂಬಂಧ ಕೂಡಿತು. ಆಮೇಲೆ ಇವರು ಅಜ್ಜನ ಊರಿಗೆ ಕೂಲಿಗೆ ಬಂದರು. ರಕ್ತ ಒಂದೇ, ಭಾಷೆ ಒಂದೇ. ಆದರೆ ಬಾಯಿ ಬಿಟ್ಟರೆ ರಾಗ ಬೇರೆ, ಅದರಿಂದಲೇ ಗುರುತು ಹಿಡಿದು ದೂರ ಇಡುತ್ತಾರೆ. ಪಾರ್ಕ್ ಚಾನ್‌ಸುನ್ 2006ರ 'ಗಾರಿಬೊಂಗ್ ಯಾಂಗ್‌ಕೊಚಿ'ಯಲ್ಲಿ ಇಂಥ ಒಬ್ಬ ಅಡುಗೆಯವನು ಕುರಿಮಾಂಸಕ್ಕೆ ಕೊರಿಯನ್ನರ ನಾಲಿಗೆಗೆ ಹಿಡಿಸುವ ಮಸಾಲೆ ಹುಡುಕುತ್ತಾನೆ. ಒಪ್ಪಿಕೊಳ್ಳಿ ಅನ್ನುವ ಮಾತನ್ನು ಅವನು ಮಸಾಲೆಯಲ್ಲಿ ಹೇಳಲು ನೋಡುತ್ತಾನೆ. ಸಿನಿಮಾಗಳಲ್ಲಿ ಮಾತ್ರ ಜೊಸನ್‌ಜೊಕ್ ಅಂದರೆ ಚಾಕು ಹಿಡಿದ ರೌಡಿ. 2017ರಲ್ಲಿ ಅಂಥ ಒಂದು ಸಿನಿಮಾ ವಿರುದ್ಧ ಅವರೇ ಬೀದಿಗಿಳಿದು ಪ್ರತಿಭಟಿಸಿದರು. ಈ ವಿಷಯದಲ್ಲಿ ಕತೆಗಾರರು ಸಿನಿಮಾದವರಿಗಿಂತ ಎಷ್ಟೋ ವಾಸಿ.

'ನಮಸ್ತೆ' ಅಂತ ಒಂದು ಕಾದಂಬರಿ ಇದೆಯಂತೆ. ಅದು ಲವ್ ಸ್ಟೋರಿನಾ?

ಹೌದು, ಮತ್ತೆ ಅದೇ ಅದರ ಬಲ, ಅದೇ ತೊಡಕು. ಪಾರ್ಕ್ ಬಮ್‌ಶಿನ್ ಬರೆದದ್ದು, 2005ರಲ್ಲಿ ಪುಸ್ತಕವಾಯಿತು. ಅಮೆರಿಕಕ್ಕೆ ಹೋಗಿ ನೊಂದು ವಾಪಸ್ ಬಂದ ಕೊರಿಯನ್ ಹೆಂಗಸು ಶಿನು, ನೇಪಾಳಿ ಕೂಲಿ ಕಾಮಿಲ್. ಇಬ್ಬರ ಪ್ರೀತಿಯ ಮೇಲೆ 2003ರ ಹಿಡಿಯುವ ಕಾರ್ಯಾಚರಣೆಯ ನೆರಳು ಬೀಳುತ್ತದೆ. ಕಾಮಿಲ್ ನಿಧಾನಕ್ಕೆ ಹೋರಾಟಕ್ಕೆ ಇಳಿಯುತ್ತಾನೆ. ಕೊನೆ ದಾರುಣ. ಧರಣಿಯ ಭಾಗಗಳನ್ನು ಓದುವಾಗ ಮೈ ಬಿಸಿಯಾಗುತ್ತದೆ. ಆದರೆ ಹಿಮಾಲಯ ಬಂದಾಗಲೆಲ್ಲ ನನಗೆ ಕಿರಿಕಿರಿ. ನೇಪಾಳ ಅಲ್ಲಿ ಶುದ್ಧ ಮನಸ್ಸಿನವರ ಪವಿತ್ರ ಬೆಟ್ಟ ಆಗಿಬಿಡುತ್ತದೆ. ಕಾಠ್ಮಂಡುವಿನ ಗಲ್ಲಿಗಳಲ್ಲಿ ಕೊರಿಯನ್ ಭಾಷೆಯ ಪರೀಕ್ಷೆಗೆ ಕೋಚಿಂಗ್ ಸೆಂಟರ್‌ಗಳಿವೆ, ಸಾಲ ಮಾಡಿ ಅಲ್ಲಿ ಓದುವ ಹುಡುಗರಿದ್ದಾರೆ. ಆ ನೇಪಾಳ ನನಗೆ ಆ ಪುಟಗಳಲ್ಲಿ ಸಿಗಲಿಲ್ಲ. ಬೆಂಗಳೂರಿನಲ್ಲಿ ನೇಪಾಳಿ ಕೆಲಸದವರನ್ನು ದಿನಾ ನೋಡುವ ನಮಗೆ ಈ ಕೊರತೆ ಬೇಗ ಗೊತ್ತಾಗುತ್ತದೆ.

ಎಲ್ಲ ಗಂಡಸರ ಕತೆನೇ ಹೇಳ್ತಿದ್ದೀರಾ. ಹೆಂಗಸರು ಎಲ್ಲಿ?

ಸರಿಯಾದ ಮಾತು. ಹೆಂಗಸರು ಮೊದಮೊದಲು ಕತೆಗಳಿಗೆ ಬಂದದ್ದು ಮದುವೆಯ ಬಾಗಿಲಿನಿಂದ. ಹಳ್ಳಿಯ ಕೊರಿಯನ್ ಗಂಡಸರಿಗೆ ಹೆಣ್ಣು ಸಿಗದಾಗ ದಲ್ಲಾಳಿಗಳು ಯನ್‌ಬ್ಯನ್, ವಿಯೆಟ್ನಾಮ್, ಫಿಲಿಪ್ಪೀನ್ಸ್‌ನಿಂದ ಹುಡುಗಿಯರನ್ನು ಕರೆತಂದರು. ಗೊಂಗ್ ಸನ್‌ಓಕ್ ಅವರ 'ಯುರಾಂಗ್ ಗಾಜೊಕ್' (2005) ಕತೆಗಳಲ್ಲಿ ಅಂಥ ಹೆಂಡತಿ ಹಳ್ಳಿ ಬಿಟ್ಟು ಗಾರಿಬೊಂಗ್ ಸೇರುತ್ತಾಳೆ. ಅದೇ ವರ್ಷದ ಚನ್ ಉನ್‌ಯಂಗ್ ಕಾದಂಬರಿ 'ಹೋಗಿ ಬಾ, ಸರ್ಕಸ್ಸೇ' ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಅಧ್ಯಾಯ ಕೊರಿಯನ್ ಗಂಡಸಿನ ಬಾಯಲ್ಲಿ, ಇನ್ನೊಂದು ಯನ್‌ಬ್ಯನ್‌ನಿಂದ ಬಂದ ಅವನ ಅತ್ತಿಗೆಯ ಬಾಯಲ್ಲಿ. ಅವಳಿಗೂ 'ನಾನು' ಅನ್ನುವ ಹಕ್ಕು ಸಿಕ್ಕಿದೆ.

ಕಿಮ್ ರ್ಯೋರ್ಯೋಂಗ್ ಅವರ 'ವಾಂದುಗಿ' (2008) ಹರೆಯದವರಿಗೆ ಬರೆದದ್ದು. ಜಗಳಗಂಟ ಹುಡುಗ, ಕುಳ್ಳ ಅಪ್ಪ, ಹುಡುಗ ಸಣ್ಣವನಿದ್ದಾಗಲೇ ದೂರವಾದ ವಿಯೆಟ್ನಾಮಿ ಅಮ್ಮ. ನಗಿಸುತ್ತಲೇ ಗಂಟಲು ಕಟ್ಟಿಸುವ ಪುಸ್ತಕ. 2011ರಲ್ಲಿ ಸಿನಿಮಾ ಆದಾಗ ಅಮ್ಮ ಫಿಲಿಪ್ಪೀನ್ಸ್‌ನವಳಾದಳು. ಆ ಪಾತ್ರ ಮಾಡಿದ ಜಾಸ್ಮಿನ್ ಲೀ ಮಾರನೆಯ ವರ್ಷವೇ ಕೊರಿಯಾದ ಸಂಸತ್ತಿಗೆ ಹೋದರು.

ಹೊಲಗಳಲ್ಲಿ ಸೊಪ್ಪು ಕೀಳುವ ಕಾಂಬೋಡಿಯಾದ ಹೆಣ್ಣುಮಕ್ಕಳ ಬಗ್ಗೆ ನಾನು ಓದಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಕಾದಂಬರಿ ಅಲ್ಲ, ವೂ ಚುನ್‌ಹೀ ಅವರ 2022ರ ವರದಿ ಪುಸ್ತಕ. ಇಲ್ಲಿ ಕತೆಗಾರರು ಹಿಂದೆ ಬಿದ್ದಿದ್ದಾರೆ ಅಂತಲೇ ನನ್ನ ಅನಿಸಿಕೆ.

'ಅಕ್ರಮ ವಲಸಿಗ' ಅಂತ ಬರೆದ್ರೆ ತಪ್ಪೇನು?

ವೀಸಾ ಮುಗಿದದ್ದು ಕಾಗದದ ಸಂಗತಿ. ಮನುಷ್ಯನನ್ನೇ ಅಕ್ರಮ ಅಂದರೆ ಅವನಿಗೆ ಬಾಕಿ ಇರುವ ಸಂಬಳ ಕೇಳುವ ಬಾಯಿಯೂ ಮುಚ್ಚುತ್ತದೆ. ಕೊರಿಯಾದ ಹೋರಾಟಗಾರರು 'ನೋಂದಣಿ ಆಗದವರು' ಅನ್ನುವ ಶಬ್ದ ಬಳಸುತ್ತಾರೆ. ನಾನು 'ಕಾಗದ ಇಲ್ಲದವರು' ಅಂತ ಬರೆಯುತ್ತೇನೆ.

## ತಲೆ ಕೆಡಿಸುವ ಪ್ರಶ್ನೆಗಳು

ಕೊನೆಗೆ ಇವೆಲ್ಲ 'ಅಯ್ಯೋ ಪಾಪ' ಕತೆಗಳೇ ಅಲ್ವಾ?

ಬಹಳಷ್ಟು ಹಾಗೇ ಇವೆ. ಕೈ ಕಳೆದುಕೊಂಡ ಒಳ್ಳೆಯವನು, ಕೆಟ್ಟ ಧಣಿ, ಮನ ಕರಗಿದ ಕೊರಿಯನ್. ಈ ಮೂವರು ಬಂದರೆ ಕತೆ ಎಲ್ಲಿಗೆ ಹೋಗುತ್ತದೆ ಅಂತ ಹತ್ತನೇ ಪುಟಕ್ಕೇ ಗೊತ್ತಾಗುತ್ತದೆ. ಓದಿದವನು ಕಣ್ಣೊರೆಸಿಕೊಂಡು ತಾನು ಒಳ್ಳೆಯವನು ಅಂದುಕೊಳ್ಳುತ್ತಾನೆ, ಅಷ್ಟೆ.

ನಾನು ಪ್ರತಿ ಕತೆಗೂ ಒಂದೇ ಪ್ರಶ್ನೆ ಹಾಕುತ್ತೇನೆ. ಇಲ್ಲಿ 'ನಾನು' ಅನ್ನುತ್ತಿರುವವರು ಯಾರು? ಜಾಸ್ತಿ ಕಡೆ ಕೊರಿಯನ್ನರೇ. ವಲಸೆ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗಿನಿಂದ ನೋಡುತ್ತಾರೆ. ಅವನಿಗೆ ಸಿಟ್ಟು ಬರುವುದಿಲ್ಲ, ಅಸೂಯೆ ಇಲ್ಲ, ಅವನು ಸುಳ್ಳು ಹೇಳುವುದಿಲ್ಲ. ಅಂಥವನು ಮನುಷ್ಯನಲ್ಲ, ಪಟದ ದೇವರು. 'ಕೊಕ್ಕಿರಿ' ಗೆದ್ದದ್ದು 'ನಾನು' ಅನ್ನುವುದನ್ನು ಆಕಾಶನ ಕೈಗೆ ಕೊಟ್ಟದ್ದಕ್ಕೆ. ಹಂದಿಗೂಡಿನ ನೆರೆಹೊರೆಯವರು ಒಬ್ಬರಿಗೊಬ್ಬರು ಮೋಸ ಮಾಡುವುದನ್ನೂ ಅವನು ನೋಡಿದಂತೆ ಹೇಳುತ್ತಾನೆ.

ಸೊನ್ ಹಾಂಗ್‌ಗ್ಯು 2010ರಲ್ಲಿ ಬರೆದ 'ಇಸ್ಲಾಂ ಮಾಂಸದಂಗಡಿ' ಬೇರೆ ದಾರಿ ಹಿಡಿಯಿತು. ಕೊರಿಯಾ ಯುದ್ಧಕ್ಕೆ ಬಂದು ಅಲ್ಲೇ ಉಳಿದ ಟರ್ಕಿಯ ಸೈನಿಕ ಹಸನ್, ಸೋಲ್‌ನ ಮಸೀದಿಯ ಹತ್ತಿರ ಅಂಗಡಿ ಇಟ್ಟಿದ್ದಾನೆ. ಮುಸ್ಲಿಮ, ಆದರೆ ಮಾರುವುದು ಹಂದಿಮಾಂಸ. ಮೈಮೇಲೆ ಗಾಯದ ಗುರುತಿರುವ ಅನಾಥ ಕೊರಿಯನ್ ಹುಡುಗನನ್ನು ಅವನು ಮಗನಾಗಿ ಸಾಕುತ್ತಾನೆ. ಯಾರು ಯಾರಿಗೆ ಆಸರೆ ಅನ್ನುವ ಲೆಕ್ಕವನ್ನೇ ಲೇಖಕ ತಿರುಗಿಸಿಬಿಟ್ಟಿದ್ದಾರೆ.

ವಲಸೆ ಹೋದವರು ತಾವೇ ಬರೆದಿಲ್ವಾ?

ಬರೆದಿದ್ದಾರೆ, ಹೆಚ್ಚಾಗಿ ಕವಿತೆ. ಹನ್ನೆರಡು ಗಂಟೆ ಮಷಿನ್ ಮುಂದೆ ನಿಂತವನಿಗೆ ಕಾದಂಬರಿ ಬರೆಯಲು ಹೊತ್ತೆಲ್ಲಿ? ಕವಿತೆಯಾದರೆ ಫೋನಿನಲ್ಲೂ ಬರೆದಿಡಬಹುದು. ಕೊರಿಯಾದಲ್ಲಿ ದುಡಿದ ನೇಪಾಳಿಗಳ ಕವಿತೆಗಳನ್ನು ಸೇರಿಸಿ 2020ರಲ್ಲಿ ಒಂದು ಸಂಕಲನ ಕೊರಿಯನ್‌ನಲ್ಲಿ ಬಂತು. ಹೆಸರಿನ ಅರ್ಥ 'ಇದು ಯಂತ್ರಗಳ ಊರು ಕಣೋ'. ಅದರಲ್ಲಿ ಬೇಡುವ ದನಿ ಕಡಿಮೆ. ಊರಿನ ಗೆಳೆಯನಿಗೆ ಸುದ್ದಿ ಹೇಳುವ ದನಿ ಇದೆ.

ಹಾಡಿದವರೂ ಇದ್ದಾರೆ. ನೇಪಾಳದಿಂದ 1992ರಲ್ಲಿ ಬಂದ ಮಿನೋದ್ ಮೊಕ್ತಾನ್, ಎಲ್ಲರ ಬಾಯಲ್ಲಿ ಮಿನು, 'ಸ್ಟಾಪ್ ಕ್ರ್ಯಾಕ್‌ಡೌನ್' ಅನ್ನುವ ಬ್ಯಾಂಡಿನ ಹಾಡುಗಾರ. ವೇದಿಕೆ ಮೇಲೆ ಕೈಗೆ ಕೆಂಪು ರಬ್ಬರಿನ ಲೇಪ ಇರುವ ಕೆಲಸದ ಕೈಗವಸು ಹಾಕಿ ಹಾಡುತ್ತಿದ್ದರು. ಕೊರಿಯಾದಲ್ಲಿ ಹೆಚ್ಚು ಕಡಿಮೆ 18 ವರ್ಷ ಇದ್ದವರನ್ನು 2009ರಲ್ಲಿ ಹಿಡಿದು ವಾಪಸ್ ಕಳಿಸಿದರು. 2018ರಲ್ಲಿ ತೀರಿಹೋದರು. ಯಾವ ಕಾದಂಬರಿಯ ಪಾತ್ರವೂ ನನ್ನ ಮನಸ್ಸಿನಲ್ಲಿ ಆ ಕೈಗವಸಿನಷ್ಟು ಗಟ್ಟಿಯಾಗಿ ನಿಂತಿಲ್ಲ.

ಕಾದಂಬರಿ ಬರೆದ್ರು ಸರಿ. ಏನಾದ್ರೂ ಬದಲಾಯ್ತಾ?

ಕಾನೂನು ಬದಲಾದದ್ದು ಹೋರಾಟದಿಂದ. ವಲಸೆ ಕೂಲಿಯವರ ಯೂನಿಯನ್‌ಗೆ ಹತ್ತು ವರ್ಷ ಕಾದ ಮೇಲೆ, 2015ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿತು. ಆದರೆ ಪರವಾನಗಿ ವ್ಯವಸ್ಥೆಯಲ್ಲಿ ಧಣಿಯನ್ನು ಬದಲಿಸುವುದು ಈಗಲೂ ಕಷ್ಟ. ಆ ಕಟ್ಟುಪಾಡು ಸರಿಯೇ ಅಂತ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ಮತ್ತೆ ಹೇಳಿತು. ಅದಕ್ಕೆ ಒಂದು ವರ್ಷ ಮುಂಚೆ, 2020ರ ಡಿಸೆಂಬರ್‌ನ ಕೊರೆಯುವ ಚಳಿಯಲ್ಲಿ, ಪೊಚನ್‌ನ ತೋಟವೊಂದರಲ್ಲಿ ಕಾಂಬೋಡಿಯಾದ ಹೆಣ್ಣುಮಗಳು ಸತ್ತುಬಿದ್ದಿದ್ದಳು. ಅವಳಿಗೆ ಮನೆ ಅಂತ ಕೊಟ್ಟಿದ್ದು ಪ್ಲಾಸ್ಟಿಕ್ ಹಸಿರುಮನೆಯೊಳಗಿನ ಗೂಡು. 2024ರ ಜೂನ್‌ನಲ್ಲಿ ಹ್ವಾಸಂಗ್‌ನ ಬ್ಯಾಟರಿ ಫ್ಯಾಕ್ಟರಿಗೆ ಬೆಂಕಿ ಬಿದ್ದು 23 ಜನ ಸತ್ತರು. ಅವರಲ್ಲಿ 18 ಜನ ಹೊರದೇಶದವರು. 'ಕೊಕ್ಕಿರಿ' ಬಂದು ಆಗಲೇ 20 ವರ್ಷವಾಗಿತ್ತು. ಕತೆ ಬೆಂಕಿ ಆರಿಸುವುದಿಲ್ಲ. ಸತ್ತವರನ್ನು ಬರೀ 18 ಅಂತ ಎಣಿಸಲು ಮನಸ್ಸು ಒಪ್ಪದ ಹಾಗೆ ಮಾಡುತ್ತದೆ. ನನ್ನ ಮಟ್ಟಿಗೆ ಅದು ಸಣ್ಣ ಕೆಲಸ ಅಲ್ಲ.

ಇವನ್ನ ಕನ್ನಡಕ್ಕೆ ತರಬಹುದಾ? ಇಂಗ್ಲಿಷಿಂದ ಮಾಡಿದ್ರೆ ಸಾಕಲ್ವಾ?

ತರಬೇಕು. ಇಂಗ್ಲಿಷಿನಿಂದ ಮಾಡುವವರು ಒಂದು ವಿಷಯ ನೆನಪಿಡಬೇಕು. ಕೊರಿಯನ್‌ನಲ್ಲಿ ನಮ್ಮ 'ನೀನು', 'ನೀವು' ತರಹದ ವ್ಯತ್ಯಾಸ ಇದೆ, ಇನ್ನೂ ಹೆಚ್ಚು ಮೆಟ್ಟಿಲುಗಳೊಂದಿಗೆ. ಪ್ರತಿ ಕ್ರಿಯಾಪದದ ಬಾಲದಲ್ಲಿ ಯಾರು ಮೇಲು, ಯಾರು ಕೆಳಗೆ ಅಂತ ಇರುತ್ತದೆ. ಇಪ್ಪತ್ತೈದರ ಮೇಸ್ತ್ರಿ ನಲವತ್ತೈದರ ಬಾಂಗ್ಲಾದೇಶಿಯನ್ನು ಏಕವಚನದಲ್ಲಿ ಕರೆಯುತ್ತಾನೆ. ಇಂಗ್ಲಿಷಿಗೆ ಬಂದಾಗ ಆ ಅವಮಾನ ಆವಿಯಾಗುತ್ತದೆ. ಕನ್ನಡದಲ್ಲಿ ಅದನ್ನು ಹಾಗೇ ಇಡಬಹುದು, 'ಲೇ, ಬಾರೋ ಇಲ್ಲಿ' ಅಂದರೆ ಸಾಕು.

ಇನ್ನೂ ಒಂದಿದೆ. ಫ್ಯಾಕ್ಟರಿಯಲ್ಲಿ ಕಿವಿಗೆ ಬಿದ್ದದ್ದೇ ಭಾಷಾ ಪಾಠ. 'ಪ್ಪಲ್ಲಿ ಪ್ಪಲ್ಲಿ', ಅಂದರೆ ಬೇಗ ಬೇಗ, ಆಮೇಲೆ ಬೈಗುಳ. ಏಕವಚನವನ್ನಷ್ಟೇ ಕೇಳಿ ಕಲಿತವನು ಒಂದು ದಿನ ಧಣಿಗೂ ಏಕವಚನದಲ್ಲೇ ಉತ್ತರ ಕೊಟ್ಟು ಏಟು ತಿನ್ನುತ್ತಾನೆ. ಅವನಿಗೆ ಗೊತ್ತೇ ಇಲ್ಲ, ತನಗೆ ಕಲಿಸಿದ್ದು ಎಂಥ ಭಾಷೆ ಅಂತ.

ಅರೆಬರೆ ಮಾತನ್ನು ಅನುವಾದಿಸುವಾಗ ಹುಷಾರಾಗಿರಬೇಕು. ನಮ್ಮ ಸಿನಿಮಾದ ಕಾವಲುಗಾರ 'ಶಾಬ್‌ಜೀ' ಅಂದು ನಗಿಸುವ ದಾರಿಗೆ ಹೋಗಬಾರದು. 2004ರಲ್ಲಿ ಕೊರಿಯಾದ ಟಿವಿಯಲ್ಲಿ ಒಬ್ಬ ಹಾಸ್ಯಗಾರ ಶ್ರೀಲಂಕಾದ ಕೂಲಿಯವನ ವೇಷ ಹಾಕಿ 'ಸಾಜಂಗ್‌ನಿಮ್ ನಪ್ಪಾಯೊ' ಅನ್ನುತ್ತಿದ್ದ. ದೇಶವೆಲ್ಲ ನಕ್ಕಿತು. ಇಂಗ್ಲಿಷಿನಲ್ಲಿ ಅದು ಬರೀ 'ಬಾಸ್ ಕೆಟ್ಟವನು' ಆಗುತ್ತದೆ. ಆದರೆ ಸಾಜಂಗ್ ಅಂದರೆ ಧಣಿ, 'ನಿಮ್' ಗೌರವಕ್ಕೆ, 'ಯೊ' ಕೂಡ ಗೌರವಕ್ಕೆ. ಆ ಮನುಷ್ಯ ದೂರು ಹೇಳುವಾಗಲೂ ಮರ್ಯಾದೆ ಬಿಟ್ಟಿಲ್ಲ. ನಾನು ಅದನ್ನು ಹೀಗೆ ತರುತ್ತೇನೆ: 'ನಮ್ಮ ಸಾಹುಕಾರ್ರು ಒಳ್ಳೇವ್ರಲ್ಲ ರೀ.'